ಹನಿ ಬೀಳುವ ಮುಚ್ಚಳ

ಕುರಿ ಮಾಂಸ ಕೆಜಿಗೆ ಎಂಟುನೂರು ರೂಪಾಯಿ. ಒಲೆಗೇರಿಸಿದ ಒಂದು ಕೆಜಿ, ರೋಸ್ಟ್ ಆಗಿ ಎಲೆಗೆ ಬೀಳುವ ಹೊತ್ತಿಗೆ ಆರುನೂರು ಗ್ರಾಂಗೆ ಇಳಿದಿರುತ್ತದೆ. ಮಿಕ್ಕಿದ್ದು ಹಬೆಯಾಗಿ ಮೇಲೆ ಹೋಗುತ್ತದೆ. ಆ ಹಬೆಗೂ ದುಡ್ಡು ಕೊಟ್ಟಿರುತ್ತೇವೆ, ಆದರೆ ಅದನ್ನು ಯಾರಿಗೂ ಬಡಿಸುವ ಹಾಗಿಲ್ಲ. ಇದ್ದಿಲು, ಮಸಾಲೆ, ಕೂಲಿ ಎಲ್ಲ ಸೇರಿಸಿ ನೋಡಿದರೆ, ಹೀಗೆ ಒಣಗಿಸಿ ತೊಡೆ ರೋಸ್ಟ್ ಮಾಡುವುದಕ್ಕಿಂತ ಮಾಡದೆ ಸುಮ್ಮನಿರುವುದೇ ಲಾಭ.

ಕುಣಿಗಲ್‌ನಲ್ಲಿ ಮೆಸ್ ನಡೆಸುವ ಅರುಣಾ ಈ ಲೆಕ್ಕವನ್ನು ಒಲೆಯ ಮುಂದೆ ನಿಂತು ಕಲಿತಿದ್ದಳು. ಅದೇ ಲೆಕ್ಕ ಅವಳನ್ನು ತುಮಕೂರಿನ ಉಪ್ಪಾರಹಳ್ಳಿಯ ಒಂದು ಶೆಡ್ಡಿಗೆ, ಗುರುಪ್ರಕಾಶನ ಮುಂದಕ್ಕೆ ತಂದು ನಿಲ್ಲಿಸಿತ್ತು.

ಗುರುಪ್ರಕಾಶ ಸ್ಟೀಲ್ ಪಾತ್ರೆ ಮಾಡುವವನು. ಇಡ್ಲಿ ಸ್ಟೀಮರ್, ಅನ್ನದ ಪಾತ್ರೆ, ಪೂಜೆಯ ತಟ್ಟೆ. ಮುಕ್ಕಾಲು ಪಾಲು ಮಾಲು ಅವನ ಚಿಕ್ಕಪ್ಪ ಬಸವಪ್ರಭು ಅವರ ಅಂಗಡಿಗೇ ಹೋಗುತ್ತಿತ್ತು. ಮೊದಲ ದಿನ ಅರುಣಾ ಅವನ ಹಣೆಯ ವಿಭೂತಿ ನೋಡಿ ಬಾಗಿಲಲ್ಲೇ ನಿಂತಿದ್ದಳು.

"ಮಾಂಸದ ಪಾತ್ರೆ ಮಾಡ್ಕೊಡ್ತೀರಾ?"

"ತಗಡಿಗೆ ಅದೆಲ್ಲ ಗೊತ್ತಾಗಲ್ಲ ರೀ."

"ತಗಡಿಗಲ್ಲ, ನಿಮಗೆ ಕೇಳಿದ್ದು."

ಅವನು ಗ್ರೈಂಡರ್ ಆಫ್ ಮಾಡಿ ಅವಳನ್ನು ಸರಿಯಾಗಿ ನೋಡಿದ್ದು ಆಗಲೇ. "ಮಾಡ್ತೀನಿ. ಒಳಗೆ ಬನ್ನಿ, ಏನು ಬೇಕು ಹೇಳಿ."

ಏನು ಬೇಕು ಎನ್ನುವುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಇಡೀ ತೊಡೆ ಹಿಡಿಸುವ ಅಗಲ, ಕೆಳಗೂ ಮೇಲೂ ಕೆಂಡ ಹಾಕುವಂಥ ಗಟ್ಟಿ, ಒಳಗಿನ ಮಾಂಸ ಕೊನೆಯ ತನಕ ಒಣಗಬಾರದು. ಅವನು ಸೀಮೆಸುಣ್ಣ ತೆಗೆದುಕೊಂಡು ತಗಡಿನ ಮೇಲೆಯೇ ಬರೆದ. ಮುಚ್ಚಳದ ಒಳಮೈಗೆ ಮೊಳಕೆ ಕಾಳಿನಷ್ಟು ದಪ್ಪಗೆ ಉಬ್ಬಿ ನಿಂತ ಗುಬುಟುಗಳು. ಹಬೆ ಮೇಲೇರಿ ಅಲ್ಲಿ ಹನಿಗಟ್ಟಿ, ಒಂದೊಂದು ಗುಬುಟಿನಿಂದಲೂ ಮಾಂಸದ ಮೇಲೆ ತೊಟ್ಟಿಕ್ಕಬೇಕು.

"ಮಳೆ ಬಂದ್ಮೇಲೆ ತೆಂಗಿನ ಗರಿಯಿಂದ ಬೀಳ್ತದಲ್ಲ, ಹಂಗೆ," ಎಂದಳು ಅರುಣಾ.

"ಹಂಗೇ," ಎಂದ ಅವನು, ತಗಡು ನೋಡದೆ ಅವಳನ್ನೇ ನೋಡುತ್ತಾ.

ಆಮೇಲೆ ಅವಳು ಅಳತೆಯ ನೆಪದಲ್ಲಿ ಬಂದಳು, ಹಿಡಿಕೆಯ ನೆಪದಲ್ಲಿ ಬಂದಳು. ಒಮ್ಮೆ ಅರ್ಧ ದಾರಿ, ಹೆಬ್ಬೂರಿನ ತನಕ ಬಸ್ಸಿನಲ್ಲಿ ಬಂದ ಮೇಲೆ, ಇವತ್ತು ಯಾವ ನೆಪ ಎಂದು ತನ್ನನ್ನೇ ಕೇಳಿಕೊಂಡು ಮುಖ ಬಿಸಿ ಮಾಡಿಕೊಂಡಳು. ಅವನು ಪ್ರತಿಸಲವೂ ಟೀ ತರಿಸುತ್ತಿದ್ದ. ಅವಳು ಕುಡಿಯುವಾಗ ಸಕ್ಕರೆ ಹೆಚ್ಚಾಯಿತೋ ಕಡಿಮೆಯಾಯಿತೋ ಎಂದು ಕೇಳುತ್ತಿರಲಿಲ್ಲ, ಅವಳ ಹುಬ್ಬು ನೋಡಿ ತಿಳಿದುಕೊಂಡು ಮುಂದಿನ ಸಲಕ್ಕೆ ಸರಿ ಮಾಡಿಸುತ್ತಿದ್ದ.

"ಟೆಸ್ಟ್ ಮಾಡಿದ್ರಾ?" ಎಂದು ಅವಳು ಒಂದು ದಿನ ಕೇಳಿದಳು.

"ಮಾಡ್ದೆ. ಎಷ್ಟೋ ಸಲ ಮಾಡ್ದೆ. ಒಂಚೂರೂ ಒಣಗಿಲ್ಲ."

ಆ ಒಂದು ಮಾತು ನಂಬಿ ಅರುಣಾ ಗುಬ್ಬಿಯ ಗಂಗಹನುಮಯ್ಯನವರ ಮನೆಯ ಬೀಗರೂಟ ಒಪ್ಪಿಕೊಂಡಳು. ಬೀಗರ ಪಂಕ್ತಿಗೆ ತೊಡೆ ರೋಸ್ಟ್ ಬೇಕೇ ಬೇಕು ಎಂದಿದ್ದರು ಅವರು. ಮದುವೆ ಊಟದಲ್ಲಿ ಹೆಚ್ಚುಕಡಿಮೆಯಾದರೆ ಗಲಾಟೆಯಲ್ಲಿ ಮರೆತುಹೋಗುತ್ತದೆ. ಬೀಗರೂಟದಲ್ಲಿ ಆದರೆ ಎರಡು ಮನೆಯವರೂ ನೆನಪಿಟ್ಟುಕೊಳ್ಳುತ್ತಾರೆ, ಅಡುಗೆಯವರ ಹೆಸರು ಹಿಡಿದು ಹೇಳುತ್ತಾರೆ. ಇಷ್ಟು ವರ್ಷ ಮೆಸ್ಸಿನ ನಾಲ್ಕು ಗೋಡೆಯೊಳಗಿದ್ದ ಅವಳ ಹೆಸರು ಮೊದಲ ಸಲ ಹೊರಗೆ ಹೊರಟಿತ್ತು.

ಶುಕ್ರವಾರ ಅವನು ಮಾಡಿದ ರೋಸ್ಟ್ ಪ್ಯಾನ್‌ಗಳು ಕುಣಿಗಲ್‌ಗೆ ಬಂದವು. ಊಟ ಭಾನುವಾರ. ಟೆಂಪೋ ಜೊತೆ ಗುರುಪ್ರಕಾಶನೂ ಬಂದಿದ್ದ, ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು. ಮೆಸ್ಸಿನ ಹಿತ್ತಲಲ್ಲಿ ಕೆಂಡ ಸಿದ್ಧವಾಯಿತು. ಅವನು ಹೇಳಿದ ಹಾಗೆ ಪ್ಯಾನಿನ ತಳದ ಕಾಲುವೆಗೆ ನೀರು ಹುಯ್ದು, ಜಾಲರಿಯ ಮೇಲೆ ಮಸಾಲೆ ಹಚ್ಚಿದ ತೊಡೆ ಇಟ್ಟು, ಮುಚ್ಚಳ ಬಿಗಿದು, ಮೇಲೂ ಕೆಂಡ ಹರಡಿದರು. ಅವನು ಮಾತ್ರ ಗೇಟಿನ ಹತ್ತಿರ, ಗಾಳಿಗೆ ಎದುರಾಗಿ ನಿಂತಿದ್ದ.

"ಇಷ್ಟು ದೂರ ನಿಂತ್ರೆ ಏನು ಕಾಣ್ಸುತ್ತೆ?" ಎಂದಳು ಅರುಣಾ, ನಗುತ್ತಲೇ.

"ನೀವು ಕಾಣ್ತೀರಲ್ಲ, ಸಾಕು."

ಅದು ಅವತ್ತಿನ ಕೊನೆಯ ನಗು. ಮುಚ್ಚಳ ತೆಗೆದಾಗ ಬೂದುಬಣ್ಣದ ತೊಡೆ ಜಿಡ್ಡಿನ ನೀರಿನಲ್ಲಿ ಅರ್ಧ ಮುಳುಗಿ ಕುದಿಯುತ್ತಿತ್ತು. ಹಚ್ಚಿದ ಮಸಾಲೆ ತೊಳೆದುಹೋಗಿತ್ತು.

ಅರುಣಾಳ ತಾಯಿ ಪುಟ್ಟಗಂಗಮ್ಮ ಬಗ್ಗಿ ನೋಡಿದರು. "ರೋಸ್ಟು ಅಂದಲ್ಲೇ. ಇದು ಸಾರು ಕಣೇ. ಮುದ್ದೆ ಕಟ್ಲಾ?"

ಅರುಣಾ ಸೌಟು ಕೆಳಗಿಟ್ಟು ಗೇಟಿನವರೆಗೂ ನಡೆದಳು.

"ಯಾವುದ್ರಲ್ಲಿ ಟೆಸ್ಟ್ ಮಾಡಿದ್ರಿ?"

ಗುರುಪ್ರಕಾಶ ಅವಳ ಹಿಂದೆ ಎದ್ದ ಹಬೆಯನ್ನು ನೋಡಿದ. ಸುಳ್ಳು ಹೇಳಲು ಸಮಯವಿತ್ತು. ಹೇಳಲಿಲ್ಲ.

"ಸುವರ್ಣಗೆಡ್ಡೇಲಿ."

"ಏನು?"

"ಮನೇಗೆ ಮಾಂಸ ತರೋ ಹಂಗಿಲ್ಲ ಅರುಣಾ ಅವ್ರೇ. ಗೆಡ್ಡೆ ದಪ್ಪಗಿರುತ್ತೆ, ಬೇಯೋಕೆ ಹೊತ್ತು ಹಿಡಿಯುತ್ತೆ. ಮಾಂಸನೂ ಹಂಗೇ ಅಂದ್ಕೊಂಡೆ. ನೀರಿಲ್ದೆ ತಳ ಹತ್ತಿತು, ಅದಕ್ಕೆ ಕಾಲುವೆ ಮಾಡ್ದೆ. ಆಮೇಲೆ ಬೆಣ್ಣೆ ಹಂಗೆ ಬೆಂತು."

"ನಾನು ಕೇಳಿದಾಗ ಹೇಳ್ಬೋದಿತ್ತಲ್ಲ."

"ಹೇಳಿದ್ರೆ ನೀವು ಬೇರೆ ಕಡೆ ಹೋಗ್ತಿದ್ರಿ."

"ಹೋಗ್ತಿದ್ದೆ."

"ಅದಕ್ಕೇ ಹೇಳ್ಲಿಲ್ಲ."

ಬೇರೆ ದಿನವಾಗಿದ್ದರೆ ಆ ಮಾತು ಅವಳೊಳಗೆ ಎಲ್ಲೋ ತಂಪಾಗಿ ಇಳಿಯುತ್ತಿತ್ತು. ಅವತ್ತು ಬೆಂಕಿಯ ಮೇಲೆ ಬಿತ್ತು. "ನಾಡಿದ್ದು ಗುಬ್ಬೀಲಿ ಜನ ಪ್ಯಾನಿಗೆ ಬಯ್ಯಲ್ಲ, ನಂಗೆ ಬಯ್ತಾರೆ. ನೀವು ನನ್ನ ಮುಖ ನೋಡೋ ಆಸೆಗೆ ನನ್ನ ಹೆಸರು ಅಡ ಇಟ್ರಲ್ಲ."

ಅವನು ತಲೆ ತಗ್ಗಿಸಿದ. ಟೆಂಪೋದವನು ಹಾರನ್ ಹೊಡೆದ. ಹತ್ತುವ ಮುಂಚೆ ಗುರುಪ್ರಕಾಶ ತಿರುಗಿ, "ಪ್ಯಾನೆಲ್ಲ ವಾಪಸ್ ತಗೊಂಡ್ ಹೋಗ್ತೀನಿ. ನಾಳೆ ಬೆಳಿಗ್ಗೆ ನೀವು ಶೆಡ್ಡಿಗೆ ಬನ್ನಿ," ಎಂದ. ಟೆಂಪೋ ಬಾಗಿಲಿಗೆ ಕೈ ಇಟ್ಟು, "ಮಾಂಸ ತನ್ನಿ," ಎಂದ.

ಪುಟ್ಟಗಂಗಮ್ಮ ಟೆಂಪೋ ಹೋದ ದಾರಿ ನೋಡುತ್ತಾ, "ಬುಡು, ಅವನು ಬಾ ಅಂದಿದ್ದು ಬಾಯಿಮಾತಿಗೆ. ಅವರ ಮನೆ ಬಾಗ್ಲಿಗೆ ನಿನ್ನ ಮಾಂಸದ ಡಬ್ಬಿ ತಕೊಂಡು ಹೋಗ್ತೀಯಾ?" ಎಂದರು.

ಅರುಣಾಳಿಗೂ ಅದೇ ಅನುಮಾನ. ಆದರೂ ಶನಿವಾರ ಮೊದಲ ಬಸ್ಸಿಗೆ, ಮಸಾಲೆ ಹಚ್ಚಿದ ತೊಡೆಯನ್ನು ಸ್ಟೀಲ್ ಡಬ್ಬಿಯಲ್ಲಿಟ್ಟು, ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಳು.

ಉಪ್ಪಾರಹಳ್ಳಿಯ ಆ ಶೆಡ್ಡು ಮನೆಗೇ ಅಂಟಿಕೊಂಡಿತ್ತು. ಅಡುಗೆಮನೆಯ ಕಿಟಕಿ ಶೆಡ್ಡಿನ ಕಡೆಗೇ ತೆರೆಯುತ್ತಿತ್ತು. ಒಳಗಿನಿಂದ ಪೂಜೆಯ ಗಂಟೆ ಕೇಳುತ್ತಿತ್ತು. ಗುರುಪ್ರಕಾಶ ಆಗಲೇ ಇದ್ದಿಲು ಹಚ್ಚಿದ್ದ. ಅವಳ ಕೈಯಿಂದ ಡಬ್ಬಿ ತೆಗೆದುಕೊಂಡವನೂ ಅವನೇ. ಅದನ್ನು ಮೈಯಿಂದ ದೂರ ಹಿಡಿದು ಒಲೆಯ ಪಕ್ಕ ಇಟ್ಟ. ಅವಳು ನೋಡದವಳಂತೆ ಸೆರಗು ಸಿಕ್ಕಿಸಿಕೊಂಡಳು.

ಈ ಸಲ ಅವನು ದೂರ ನಿಲ್ಲಲಿಲ್ಲ. ಒಲೆಯ ಪಕ್ಕದಲ್ಲೇ ಕುಕ್ಕುರುಗಾಲಲ್ಲಿ ಕೂತು ಪ್ಯಾನ್ ಮುಂದಿಟ್ಟುಕೊಂಡ.

"ನೀರು ಹುಯ್ಬೇಡಿ ಇವತ್ತು," ಎಂದಳು ಅರುಣಾ. "ಗೆಡ್ಡೆ ನೀರು ಕುಡಿಯುತ್ತೆ. ಮಾಂಸ ನೀರು ಬಿಡುತ್ತೆ."

ಅವನು ಅವಳತ್ತ ತಿರುಗಿದ. "ಇನ್ನೊಂದ್ಸಲ ಹೇಳಿ."

"ಮಾಂಸದೊಳಗೇ ನೀರಿರುತ್ತೆ ರೀ. ಕೊಬ್ಬೂ ಕರಗಿ ಇಳಿಯುತ್ತೆ. ನೀವು ಹೊರಗಿಂದ ಬೇರೆ ನೀರು ಕೊಟ್ರೆ ಸಾರಾಗ್ದೆ ಏನಾಗುತ್ತೆ?"

"ಹಂಗಾದ್ರೆ ಅದರ ನೀರು ಅದಕ್ಕೇ ವಾಪಸ್ ಬೀಳ್ಬೇಕು, ಅಷ್ಟೇ." ಅವನು ಎದ್ದೇಬಿಟ್ಟ. ಜಾಲರಿಯ ಕಾಲು ಕತ್ತರಿಸಿ ಎತ್ತರದ ಕಾಲು ಬೆಸೆದ, ಇಳಿದ ಕೊಬ್ಬು ಕೆಳಗೇ ಉಳಿಯಲಿ ಎಂದು. ಮುಚ್ಚಳದ ಅಂಚಿನಲ್ಲಿ ತೂತು ಕೊರೆದು, ಬೇಕಾದಾಗ ತೆರೆದು ಬೇಡವಾದಾಗ ಮುಚ್ಚುವ ಒಂದು ಬಿಲ್ಲೆ ಕೂರಿಸಿದ. ಮೊದಲು ಹಬೆ ಒಳಗೇ ತಿರುಗಿ ಹನಿಯಾಗಲಿ, ಕೊನೆಯಲ್ಲಿ ಹೊರಗೆ ಹೋಗಿ ಮಾಂಸದ ಮೇಲ್ಮೈ ಕೆಂಪಾಗಲಿ. ಗುಬುಟುಗಳನ್ನು ಮಾತ್ರ ಮುಟ್ಟಲಿಲ್ಲ.

ತೊಡೆ ಒಲೆಗೇರಿತು. ಅವನು ಮುಚ್ಚಳಕ್ಕೆ ಕಿವಿಗೊಟ್ಟ. ಸ್ವಲ್ಪ ಹೊತ್ತಿಗೆ ವಾಸನೆ ಎದ್ದಿತು. ಒಳಗೆ ಗಂಟೆ ನಿಂತಿತು.

ಗುರುಪ್ರಕಾಶನ ತಾಯಿ ಕರಿಬಸಮ್ಮ ಮೂಗಿಗೆ ಸೆರಗು ಹಿಡಿದು ಶೆಡ್ಡಿನ ಬಾಗಿಲಿಗೆ ಬಂದರು. ಅರುಣಾ ಎದ್ದು ನಿಂತಳು.

"ಕುಣಿಗಲ್ ಹುಡುಗಿ ಇವಳೇ ಏನೋ?"

"ಹೂಂ ಅಮ್ಮ."

ಕರಿಬಸಮ್ಮ ಅರುಣಾಳನ್ನು ಮೇಲಿಂದ ಕೆಳಗೆ ನೋಡಿದರು. "ನಿನ್ನ ಪಾತ್ರೆ ದೆಸೆಯಿಂದ ನಂಗೆ ತಿಂಗಳೆಲ್ಲ ಸುವರ್ಣಗೆಡ್ಡೆ ತಿನ್ಸಿದಾನಮ್ಮ. ಗಂಟಲು ಕೆರೀತದೆ ಕಣೋ ಅಂದ್ರೆ, ಇನ್ನೊಂದು ಹೋಳು ತಿನ್ನಮ್ಮ, ಮೆತ್ತಗಿದ್ಯಾ ನೋಡು ಅಂತಾನೆ."

ಅರುಣಾಳಿಗೆ ನಗು ಬಂತು, ನಗುವ ಹೊತ್ತಲ್ಲ ಎಂದೂ ತಿಳಿಯಿತು.

"ನಿನ್ನ ಚಿಕ್ಕಪ್ಪಂಗೆ ಗೊತ್ತಾದ್ರೆ?" ಕರಿಬಸಮ್ಮ ಮಗನ ಕಡೆ ತಿರುಗಿದರು. "ಈ ಶೆಡ್ಡಿಂದ ಪೂಜೆ ತಟ್ಟೆ ತಗೋತಾನಾ ಅವನು?"

"ತಗೊಳಲ್ಲ."

"ಗೊತ್ತಿದ್ದೂ ಮಾಡ್ತಿದೀಯಾ?"

"ಗೊತ್ತಿದ್ದೇ ಮಾಡ್ತಿದೀನಿ. ನಾನು ಒಂದು ಮಾತು ಮುಚ್ಚಿಟ್ಟೆ, ಇವ್ರ ಹೆಸರು ಹೋಗೋ ಹಂಗಾಯ್ತು. ಚಿಕ್ಕಪ್ಪನ ಅಂಗಡಿ ಕೆಲಸ ಹೋದ್ರೆ ಹೋಗ್ಲಿ."

ಕರಿಬಸಮ್ಮ ಒಳಗೆ ಹೋದರು. ಅಡುಗೆಮನೆಯ ಕಿಟಕಿ ಮುಚ್ಚಿಕೊಂಡ ಸದ್ದು ಮಾತ್ರ ಕೇಳಿತು, ಬಡಿದದ್ದಲ್ಲ, ನಿಧಾನವಾಗಿ ಅಗುಳಿ ಹಾಕಿದ್ದು. ಬಡಿದಿದ್ದರೇ ಚೆನ್ನಾಗಿತ್ತು ಎನ್ನಿಸಿತು ಅರುಣಾಳಿಗೆ.

"ನಾನು ಹೋಗ್ತೀನಿ," ಎಂದಳು. "ಗುಬ್ಬೀಗೆ ಏನೋ ಒಂದು ಹೇಳ್ಕೋತೀನಿ. ನನ್ನಿಂದ ನಿಮ್ಮ ಮನೆ ಕೆಡಬಾರ್ದು."

"ಕೆಂಡ ಈಗ ಹದಕ್ಕೆ ಬಂದಿದೆ. ಕೂತ್ಕೊಳ್ಳಿ."

"ನಿಮ್ಮ ಅಮ್ಮ..."

"ಅಮ್ಮನ ಹತ್ರ ನಾನು ಮಾತಾಡ್ಬೇಕು, ನೀವಲ್ಲ. ನೀವು ಬಿಲ್ಲೆ ತೆಗೆಯೋ ಹೊತ್ತು ಯಾವಾಗ ಅಂತ ಹೇಳಿ. ಅದು ನಂಗೆ ಗೊತ್ತಾಗಲ್ಲ."

ಅವಳು ಕೂತಳು. ಇಬ್ಬರ ನಡುವೆ ಒಲೆ. ಮುಚ್ಚಳದೊಳಗೆ ಹನಿ ಬೀಳುವ ಸದ್ದು ಅವಳಿಗೂ ಕೇಳಿತು, ಚುಯ್, ಚುಯ್ ಎಂದು ಬಿಟ್ಟುಬಿಟ್ಟು. ಅವಳು ಕೈ ಎತ್ತಿದಾಗ ಅವನು ಬಿಲ್ಲೆ ತಿರುಗಿಸಿದ. ಹಬೆ ಸುಂಯ್ಯೆಂದು ಹೊರಟಿತು.

ಮುಚ್ಚಳ ತೆಗೆದರು. ಮೇಲೆ ಕೆಂಪಗೆ, ಅಂಚಿನಲ್ಲಿ ಗರಿಗರಿ. ಚಾಕು ಇಟ್ಟ ಕಡೆ ರಸ ಒಸರಿತು. ಅರುಣಾ ಒಂದು ಚೂರು ಕಿತ್ತು ಬಾಯಿಗಿಟ್ಟಳು.

ಗುರುಪ್ರಕಾಶ ಅವಳ ಮುಖವನ್ನೇ ನೋಡುತ್ತಿದ್ದ. ಅದು ಅವಳಿಗೆ ಗೊತ್ತಾಯಿತು. ಬೇಕೆಂದೇ ಮುಖವನ್ನು ಗೋಡೆಯ ಹಾಗೆ ಇಟ್ಟುಕೊಂಡು ನಿಧಾನವಾಗಿ ಅಗಿದಳು.

"ಏನೂ ಕಾಣ್ತಿಲ್ವಲ್ಲ," ಎಂದ ಅವನು, ಸೋತ ದನಿಯಲ್ಲಿ.

"ಏನು ಕಾಣ್ಬೇಕಿತ್ತು?"

"ನಂಗೆ ರುಚಿ ನೋಡೋಕಾಗಲ್ಲ. ನಿಮ್ಮ ಮುಖ ನೋಡೇ ತಿಳ್ಕೋಬೇಕು. ಇಷ್ಟು ದಿನ ಟೀ ಲೋಟದ ಹಿಂದೆ ಅದನ್ನೇ ಕಲೀತಿದ್ದೆ."

ಅವಳ ಮುಖ ಅವಳ ಮಾತು ಕೇಳಲಿಲ್ಲ. ಮೊದಲು ಕಣ್ಣು ನಕ್ಕಿತು, ಆಮೇಲೆ ಉಳಿದದ್ದು.

"ಇನ್ಮೇಲೆ ಏನನ್ನೂ ಮುಚ್ಚಿಡಬೇಡಿ," ಎಂದಳು. "ಗೆಡ್ಡೆ ಆಗ್ಲಿ, ಬೇರೆ ಏನೇ ಆಗ್ಲಿ."

"ಬೇರೆ ಒಂದು ಇದೆ."

"ಹೇಳಿ."

"ನೀವು ನಾಳೆ ಗೆದ್ರೂ ಸೋತ್ರೂ, ನಾಡಿದ್ದು ಏನಾದ್ರೂ ನೆಪ ಹುಡುಕ್ಕೊಂಡು ಈ ಶೆಡ್ಡಿಗೆ ಬರ್ಬೇಕು."

ಅರುಣಾ ಕೈ ಒರೆಸಿಕೊಂಡಳು. "ನೆಪ ಎಲ್ಲ ಮುಗ್ದೋಗಿದೆ ಕಣ್ರೀ," ಎಂದಳು. "ಸುಮ್ನೆ ಬರ್ತೀನಿ."

ಸಂಜೆಯೊಳಗೆ ಉಳಿದ ಪ್ಯಾನ್‌ಗಳೂ ತಿದ್ದಿಕೊಂಡು ಗುಬ್ಬಿಗೆ ಹೊರಟವು.

ಭಾನುವಾರ ಮಧ್ಯಾಹ್ನ ಗಂಗಹನುಮಯ್ಯನವರ ಶಾಮಿಯಾನದ ಹಿಂದೆ, ಹೊಗೆಯ ನಡುವೆ, ವಿಭೂತಿ ಹಚ್ಚಿದ ಒಬ್ಬ ಗಂಡಸು ಬಿಲ್ಲೆ ತಿರುಗಿಸುತ್ತಿದ್ದುದನ್ನು ಎಷ್ಟೋ ಜನ ನೋಡಿದರು. ನೋಡಿದವರಲ್ಲಿ ಅವನ ಚಿಕ್ಕಪ್ಪನಿಗೆ ಗೊತ್ತಿದ್ದವರೂ ಇದ್ದರು. ಅವನು ಯಾರಿಗೂ ಬೆನ್ನು ತಿರುಗಿಸಲಿಲ್ಲ.

ಬೀಗರ ಪಂಕ್ತಿ ಕೂತಿತು. ಗಂಡಿನ ಕಡೆಯ ಹಿರಿಯಜ್ಜಿ ಚಿಕ್ಕಮಾರಮ್ಮನಿಗೆ ಇದ್ದದ್ದು ಬೆರಳೆಣಿಕೆಯ ಹಲ್ಲು. ರೋಸ್ಟ್ ಕಂಡು ಎಲೆಯನ್ನು ಪಕ್ಕಕ್ಕೆ ಸರಿಸಿದರು. ಗಂಗಹನುಮಯ್ಯನವರ ಮುಖ ಬಿಳಿಚಿತು.

"ಒಂದು ಎಳೆ ನೋಡಿ ಅಜ್ಜಿ," ಎಂದಳು ಅರುಣಾ. ಒಂದು ಎಳೆ ಬಿಡಿಸಿ ಎಲೆಯ ತುದಿಗಿಟ್ಟಳು.

ಅಜ್ಜಿ ಒಂದು ಎಳೆ ಬಾಯಿಗೆ ಹಾಕಿಕೊಂಡರು. ಎರಡೂ ಮನೆಯವರು ಅವರ ದವಡೆಯನ್ನೇ ನೋಡಿದರು. ಅಜ್ಜಿ ನುಂಗಿ, ಎಲೆಯನ್ನು ಮತ್ತೆ ಮುಂದಕ್ಕೆ ಎಳೆದುಕೊಂಡು, "ಮೂಳೆ ಹತ್ರದ್ದು ಹಾಕವ್ವ," ಎಂದರು.

ಅರುಣಾ ಬಡಿಸಿ, ತಿರುಗಿ ಒಲೆಯ ಕಡೆ ನೋಡಿದಳು. ಗುರುಪ್ರಕಾಶ ಪಂಕ್ತಿಯನ್ನಾಗಲಿ ಅಜ್ಜಿಯನ್ನಾಗಲಿ ನೋಡುತ್ತಿರಲಿಲ್ಲ. ಅವಳ ಮುಖ ನೋಡಿ ಆಗಲೇ ವಿಷಯ ತಿಳಿದುಕೊಂಡಿದ್ದ.

ಈಗ ಒಂದು ಕೆಜಿ ಹಾಕಿದರೆ ಮುಕ್ಕಾಲಿಗಿಂತ ಹೆಚ್ಚೇ ಎಲೆಗೆ ಬರುತ್ತದೆ. ಬಸವಪ್ರಭು ಅವರ ಅಂಗಡಿಯ ಕೆಲಸ ಆ ವಾರವೇ ನಿಂತಿತು, ಮತ್ತೆ ಬರಲಿಲ್ಲ. ಶೆಡ್ಡು ಮನೆ ಬಿಟ್ಟು ಹೈವೇ ಪಕ್ಕದ ಕ್ಯಾತ್ಸಂದ್ರಕ್ಕೆ ಹೋಯಿತು. ಪ್ಯಾನ್ ಕೇಳಿಕೊಂಡು ಹೈವೇ ಹೋಟೆಲಿನವರು ಬರುತ್ತಾರೆ, ಹಳೆಯ ದುಡಿಮೆಯಷ್ಟು ಇನ್ನೂ ಆಗಿಲ್ಲ. ಕರಿಬಸಮ್ಮ ಅರುಣಾ ಗುರುಪ್ರಕಾಶರ ಮದುವೆಗೆ ಬಂದು ಅಕ್ಷತೆ ಹಾಕಿದರು. ಸೊಸೆಯ ಕೈಯಿಂದ ನೀರು ಇಸಿದುಕೊಳ್ಳುತ್ತಾರೆ, ಅವಳು ಬಡಿಸಿದ ಊಟ ಇನ್ನೂ ಮಾಡಿಲ್ಲ. ಗುರುಪ್ರಕಾಶ ಇವತ್ತಿಗೂ ಮಾಂಸ ಮುಟ್ಟುವುದಿಲ್ಲ. ಹೊಸ ಪ್ಯಾನ್ ಆದಾಗಲೆಲ್ಲ ಅರುಣಾ ಒಂದು ಚೂರು ಬಾಯಿಗಿಡುತ್ತಾಳೆ, ಅವನು ಎದುರಿಗೆ ಕೂರುತ್ತಾನೆ. ಅವಳಿಗೆ ಮುಖ ಮುಚ್ಚಿಟ್ಟುಕೊಳ್ಳಲು ಒಂದು ದಿನವೂ ಆಗಿಲ್ಲ.