ಎಡಗಡೆಯ ಹಿಂದಿನ ಟೈರು

ಕಿವಿ ಮೇಡಮ್ಮನ ಹೊಸ ಕಾರು ಮತ್ತೆ ಗೇಟಿನೊಳಗೆ ಬಂದಾಗ ಸರ್ವಿಸ್ ಸೆಂಟರಿನ ಮೆಕ್ಯಾನಿಕ್‌ಗಳೆಲ್ಲ ಕೈಕೆಲಸ ಬಿಟ್ಟು ಒಬ್ಬರ ಮುಖ ಒಬ್ಬರು ನೋಡಿಕೊಂಡರು. “ಇಲ್ಲಣ್ಣಾ, ನಿಮ್ಮ ಟೈರು ಬಂತು ನೋಡಿ!” ಎಂದು ಒಬ್ಬ ಕೂಗಿಯೇಬಿಟ್ಟ.

ಇಲ್ಲಣ್ಣ ಎಂದರೆ ಅಲ್ಲಿನ ವಾರಂಟಿ ಇನ್ಸ್‌ಪೆಕ್ಟರ್. ಯಾರು ಏನು ಕೇಳಿಕೊಂಡು ಬಂದರೂ “ಇದು ವಾರಂಟಿಯಲ್ಲಿ ಬರೋದಿಲ್ಲ” ಎನ್ನುವುದೇ ಅವನ ಕೆಲಸವಾದ್ದರಿಂದ ಆ ಹೆಸರು ಅಂಟಿಕೊಂಡಿತ್ತು. ಜಪ್ಪಯ್ಯ ಅಂದರೂ ಜಗ್ಗದ ಆಸಾಮಿ. ಅಂಥವನು ಈ ಒಂದು ಕಾರಿಗೆ ಮಾತ್ರ, ಬಂದಾಗಲೆಲ್ಲ ‘ತಯಾರಿಕೆಯ ದೋಷ’ ಎಂದು ಬರೆದು ಹೊಸ ಟೈರು ಕೊಡಿಸುತ್ತಿದ್ದ. ಊರಿಗೆಲ್ಲ ಇಲ್ಲ, ಇವಳೊಬ್ಬಳಿಗೆ ಹೂಂ. ನಗುವವರಿಗೆ ಇನ್ನೇನು ಬೇಕು?

ಮನೆಯಲ್ಲಿ ಅಕ್ಕನ ಕಾಟ ಬೇರೆ. “ಟೈರು ನೋಡೋಕೆ ಹೋಗೋನಿಗೆ ಸೆಂಟು ಯಾಕೋ?” ಎಂದು ಆವತ್ತು ಬೆಳಿಗ್ಗೆಯೂ ಕೇಳಿದ್ದಳು.

ಕಿವಿ ಮೇಡಂ ಬಾಗಿಲು ತೆಗೆದು ಇಳಿದಳು. ಕಿವಿ ಮಂದವಾದ ಹಿರಿಯರ ಮನೆಗಳಿಗೆ ಹೋಗಿ ಕಿವಿಗೆ ಮಿಷನ್ ಕೂರಿಸಿಕೊಡುವುದು ಅವಳ ವೃತ್ತಿ. ಕಾರು ಕೊಂಡಿದ್ದೇ ಅದಕ್ಕೆ. ಅವನನ್ನು ನೋಡಿದಳು, ತಕ್ಷಣ ಟೈರಿನತ್ತ ನೋಡಿದಳು, ಮತ್ತೆ ಅವನನ್ನು ನೋಡಿ ತುಟಿಯಂಚಿನಲ್ಲಿ ನಗು ಅಡಗಿಸಿಕೊಂಡಳು.

“ಮತ್ತೆ ಅದೇನಾ?” ಎಂದ.

“ಅದೇ. ಎಡಗಡೆ ಹಿಂದಿನದು. ದಾರಿ ಮಧ್ಯೆ ಕುಸಿದು ಕೂತ್ಬಿಡ್ತು. ಈಗ ನೋಡಿ, ಏನೂ ಗೊತ್ತಿಲ್ಲದವರ ಹಾಗೆ ಎದ್ದು ನಿಂತಿದೆ.”

ನಿಜ. ಗೇಜ್ ಹಿಡಿದರೆ ಗಾಳಿ ಭರ್ತಿ ಇತ್ತು. ಪ್ರತಿ ಸಲವೂ ಹೀಗೇ. ಮೊಳೆಯಿಲ್ಲ, ತೂತಿಲ್ಲ. ಆದರೆ ಟೈರು ಕಳಚಿದರೆ ಒಳಗೆಲ್ಲ ಕರಿ ಪುಡಿ, ಪಕ್ಕದ ಗೋಡೆಯಲ್ಲಿ ಸುತ್ತಲೂ ಮಡಿಕೆ. ಗಾಳಿಯಿಲ್ಲದೆ ಬಹಳ ದೂರ ಓಡಿಸಿದ ಟೈರು ಹಾಗಾಗುತ್ತದೆ. ಅದು ಓಡಿಸುವವರ ತಪ್ಪು, ವಾರಂಟಿ ಸಿಗುವುದಿಲ್ಲ. ಅವನು ಆ ಪುಡಿಯನ್ನು ಮ್ಯಾನೇಜರ್ ಕಣ್ಣಿಗೆ ಬೀಳುವ ಮೊದಲೇ ಬಟ್ಟೆಯಿಂದ ಒರೆಸಿಹಾಕುತ್ತಿದ್ದ.

ಏಕೆಂದರೆ ಅವನಿಗೆ ಕಾರಣ ಹೊಳೆದಿತ್ತು. ಇವಳೇ ಗಾಳಿ ಬಿಡುತ್ತಾಳೆ, ಇವಳೇ ತುಂಬಿಸುತ್ತಾಳೆ. ಯಾಕೆ? ಇಲ್ಲಿಗೆ ಬರಲಿಕ್ಕೆ. ಇಲ್ಲಿ ಯಾರಿದ್ದಾರೆ? ಆ ಯೋಚನೆ ಬಂದ ದಿನ ಅವನು ಶರ್ಟಿನ ಗುಂಡಿ ತಪ್ಪಾಗಿ ಹಾಕಿಕೊಂಡು ದಿನವಿಡೀ ಓಡಾಡಿದ್ದ.

ಆದರೆ ಇವತ್ತು ಆಟ ಮುಗಿಯುವುದರಲ್ಲಿತ್ತು. ಕಂಪನಿ ಬೇಸತ್ತು, ಕಾರನ್ನೇ ಬದಲಾಯಿಸಿಕೊಡಲು ಒಪ್ಪಿತ್ತು. ಟೈರು ಕೆಡುವುದರಲ್ಲಿ ಯಾರ ಕೈವಾಡವೂ ಇಲ್ಲವೆಂದು ಇನ್ಸ್‌ಪೆಕ್ಟರ್ ಇವತ್ತೇ ಸಹಿ ಹಾಕಬೇಕು. ಹೊಸ ಕಾರು ಅವಳ ಮನೆ ಹತ್ತಿರದ ಬ್ರಾಂಚಿನಿಂದ ಬರುತ್ತದೆ. ಆಮೇಲೆ ಅವಳು ಈ ಗೇಟಿನೊಳಗೆ ಬರುವ ಪ್ರಮೇಯವೇ ಇರುವುದಿಲ್ಲ. ಸಹಿ ಹಾಕಿದರೆ ಅವಳು ಹೋಗುತ್ತಾಳೆ, ಹಾಕದಿದ್ದರೆ ಅವಳ ಹೊಟ್ಟೆಪಾಡಿಗೆ ಕಲ್ಲು.

ಊಟದ ಹೊತ್ತಾಯಿತು. ಎಲ್ಲರೂ ಹೊರಟುಹೋದರು. ದೊಡ್ಡ ಶೆಡ್ಡಿನಲ್ಲಿ ಕಾರು, ಅವಳು, ಅವನು. ಎಲ್ಲ ಯಂತ್ರಗಳೂ ನಿಂತಿದ್ದರಿಂದ ಅವನಿಗೆ ತನ್ನ ಬೂಟಿನ ಸದ್ದೇ ಜೋರಾಗಿ ಕೇಳಿತು.

“ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಗಾಳಿ ನೀವೇ ಬಿಡ್ತಿದ್ರಾ?”

ಅವಳ ಹುಬ್ಬು ಮೇಲೇರಿತು. ಆಮೇಲೆ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. “ನಾನಾ? ರೀ, ನಾನು ನೀವೇ ಅಂದ್ಕೊಂಡಿದ್ದೆ! ಏನೋ ಸಡಿಲ ಮಾಡಿ ಕಳಿಸ್ತಾರೆ, ನಾನು ಮತ್ತೆ ಬರ್ಲಿ ಅಂತ...”

“ನಾನ್ಯಾಕೆ ಹಾಗೆ ಮಾಡ್ಲಿ?”

“ನಾನ್ಯಾಕೆ ಮಾಡ್ಲಿ?”

ಇಬ್ಬರ ಮುಖವೂ ಕೆಂಪಾಯಿತು. ಅವಳು ಕಾರಿನ ಮೇಲಿಲ್ಲದ ಧೂಳನ್ನು ಬೆರಳಿನಿಂದ ಒರೆಸತೊಡಗಿದಳು.

“ಹಾಗಂದ್ಕೊಂಡೂ ದೂರು ಕೊಡ್ಲಿಲ್ವಲ್ಲ?” ಎಂದು ಕೇಳಿದ.

“ಕೊಡ್ಬಹುದಿತ್ತು. ಕೊಡ್ಬೇಕು ಅನ್ನಿಸ್ಲಿಲ್ಲ.”

ಅವನಿಗೆ ಸ್ವರ್ಗಕ್ಕೆ ಮೂರೇ ಗೇಣು. ಆದರೆ ಆ ಖುಷಿ ಎದೆಯಲ್ಲಿ ಸರಿಯಾಗಿ ಕೂರುವ ಮೊದಲೇ ಇಬ್ಬರಿಗೂ ಒಟ್ಟಿಗೆ ಹೊಳೆಯಿತು. ಅವಳ ಬೆರಳು ನಿಂತಿತು.

“ನಾನಲ್ಲ, ನೀವಲ್ಲ,” ಎಂದಳು ಮೆಲ್ಲಗೆ. “ಹಾಗಾದ್ರೆ ಯಾರು?”

ಏನೋ ಸಣ್ಣ ಸದ್ದು ಕೇಳಿದಂತಾಗಿ ಅವಳು ತಲೆ ಓರೆ ಮಾಡಿದಳು. ಬ್ಯಾಗಿನಿಂದ ಮಿಷನ್ ಪರೀಕ್ಷಿಸುವ ಕೊಳವೆ ತೆಗೆದಳು. ಡಾಕ್ಟರು ಎದೆಗಿಟ್ಟು ನೋಡುವಂಥದೇ. ನೆಲಕ್ಕೆ ಕೂತು ಅದನ್ನು ಟೈರಿಗೆ ಒತ್ತಿ ಕೇಳಿದಳು. ಅವಳ ಮುಖದ ಬಣ್ಣ ಇಳಿಯಿತು. ಕೊಳವೆಯನ್ನು ಅವನ ಕಿವಿಗೆ ಸಿಕ್ಕಿಸಿದಳು.

ಸುಯ್ಯೆಂದು ಗಾಳಿ ಹೊರಗೆ ಹೋಯಿತು. ಟೈರು ಅವನ ಕಣ್ಣೆದುರೇ ಒಂದಿಷ್ಟು ತಗ್ಗಿತು. ಸ್ವಲ್ಪ ಬಿಡುವು. ಆಮೇಲೆ ಗಾಳಿ ಒಳಗೆ ಬಂತು. ಟೈರು ಮೇಲೆದ್ದಿತು.

“ಹೊರಗೆ ಹೋಗೋದು ಸರಿ,” ಎಂದ ಅವನು. “ಒಳಗೆ ಹೇಗೆ ಬರುತ್ತೆ?”

“ಹಳೇ ಟೈರುಗಳು ಏನಾದವು?”

“ಕುಯ್ದೆ. ವಾರಂಟಿಯಲ್ಲಿ ವಾಪಸ್ ಪಡೆದ ಟೈರನ್ನ ಇನ್ಯಾರೂ ಬಳಸಬಾರದು ಅಂತ ಕುಯ್ದು ಹಾಕಬೇಕು. ಅದು ರೂಲ್ಸು.”

“ಕುಯ್ದಾಗ ಏನಾಯ್ತು?”

ಅವನಿಗೆ ನೆನಪಾಯಿತು, ಮೈ ಜುಮ್ಮೆಂದಿತು. ಚಾಕು ಇಳಿದಾಗಲೆಲ್ಲ ಬೆಚ್ಚನೆಯ ಉಸಿರೊಂದು ಮುಂಗೈಗೆ ತಾಗುತ್ತಿತ್ತು. ಉಳಿದ ಗಾಳಿ ಎಂದುಕೊಂಡು ಸುಮ್ಮನಾಗಿದ್ದ. ರಿಮ್ಮಿನಿಂದ ಕಳಚಿಟ್ಟ ಟೈರಿನಲ್ಲಿ ಗಾಳಿ ಎಲ್ಲಿ ಉಳಿಯುತ್ತದೆ? ಇಷ್ಟು ವರ್ಷದ ಅನುಭವಸ್ಥನಿಗೆ ಅಷ್ಟೂ ತೋಚಿರಲಿಲ್ಲ. ಅವಳ ಧ್ಯಾನದಲ್ಲಿ ಬುದ್ಧಿ ಮೇಯಲು ಹೋಗಿತ್ತು.

ಅವಳು ಹೆದರಿ ಎದ್ದು ಬಾಗಿಲ ಕಡೆ ಸರಿದಳು. ಕೊಳವೆಯಲ್ಲಿ ಉಸಿರು ಚುರುಕಾಯಿತು. ಓಡಿ ಬಂದ ಮಗುವಿನ ಏದುಸಿರಿನಂತೆ, ಒಂದರ ಹಿಂದೆ ಒಂದು. ಟೈರು ಕುಸಿಯತೊಡಗಿತು.

“ಒಂದ್ನಿಮಿಷ, ವಾಪಸ್ ಬನ್ನಿ,” ಎಂದ.

ಬಂದಳು. ಉಸಿರು ನಿಧಾನವಾಯಿತು. ಅವನ ಪಕ್ಕ, ಭುಜಕ್ಕೆ ಭುಜ ತಾಗುವಷ್ಟು ಹತ್ತಿರ ಕೂತಳು. ಇನ್ನೂ ನಿಧಾನವಾಯಿತು. ಅವನು ಎದ್ದು ದೂರ ಹೋದ. ಈಗ ಕೊಳವೆ ಅವಳ ಕಿವಿಯಲ್ಲಿತ್ತು. ಅವಳು ಕೈ ಮಾಡಿ ಅವನನ್ನು ಕರೆದಳು, ಬೇಗ, ಬೇಗ.

“ನಾವಿಬ್ರೂ ದೂರ ಆದ್ರೆ ಇದಕ್ಕೆ ಹೆದರಿಕೆ,” ಎಂದಳು ಪಿಸುಮಾತಿನಲ್ಲಿ. ಅವಳ ಕಣ್ಣಲ್ಲಿ ನೀರಾಡಿತ್ತು. “ಟೈರು ಎಷ್ಟು ಸಲ ಬದಲಾಯಿಸಿದ್ರೂ, ನಾನು ಇಲ್ಲಿಂದ ಹೊರಟಾಗೆಲ್ಲ ದಾರಿಯಲ್ಲಿ ಕುಸೀತಿತ್ತು. ಇಲ್ಲಿಗೆ ಬಂದ್ರೆ ಸರಿಹೋಗ್ತಿತ್ತು.”

“ನನಗೂ ಹೆದರಿಕೆ.”

“ಈ ಟೈರು ಕಂಡ್ರಾ?”

“ಅದೂ ಇದೆ.” ಅವನು ಅವಳನ್ನೇ ನೋಡಿದ. ಈ ಸಲ ಕಣ್ಣು ತಪ್ಪಿಸಲಿಲ್ಲ. “ನೀವು ಹೋಗ್ತೀರಲ್ಲ, ಅದಕ್ಕೆ. ನಾಳೆಯಿಂದ ಈ ಗೇಟಿನಲ್ಲಿ ಯಾವ ಕಾರು ಬಂದ್ರೂ ನಾನು ತಲೆ ಎತ್ತಲ್ಲ. ಇಷ್ಟಪಟ್ಟಿದೀನಿ ನಿಮ್ಮನ್ನ. ಮೊದಲೇ ಹೇಳ್ಬೇಕಿತ್ತು.”

ಅವಳು ಮಸಿ ಹತ್ತಿದ ಅವನ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡಳು. ಅವರ ಹಿಂದೆ ಟೈರು ದೀರ್ಘವಾಗಿ ಉಸಿರೆಳೆದು ಬಿಟ್ಟಿತು. ಈಗ ಕೊಳವೆ ಬೇಕಾಗಲಿಲ್ಲ, ಇಬ್ಬರಿಗೂ ಕೇಳಿಸಿತು. ಅವಳ ತೋಳಿನ ರೋಮ ನಿಮಿರಿತು, ಆದರೂ ಕೈ ಬಿಡಲಿಲ್ಲ.

“ಹೊಸ ಕಾರು ತಗೊಂಡ್ರೆ ಇದನ್ನ ಕುಯ್ಬೇಕಲ್ವಾ?” ಎಂದಳು.

“ಕುಯ್ಬೇಕು.”

“ಹಾಗಾದ್ರೆ ಬೇಡ. ವಾರಂಟಿನೇ ಬೇಡ. ಇದೇ ಇರ್ಲಿ.”

“ಮತ್ತೆ ದಾರಿಯಲ್ಲಿ ಕುಸಿದ್ರೆ? ನಿಮ್ಮ ಕೆಲಸ?”

“ಪಕ್ಕದಲ್ಲಿ ನೀವಿದ್ರೆ ಯಾಕೆ ಕುಸಿಯುತ್ತೆ?” ಎಂದು ಕೇಳಿ, ತಾನು ಕೇಳಿದ್ದೇನೆಂದು ಹೊಳೆದು, ಮುಖ ಪಕ್ಕಕ್ಕೆ ತಿರುಗಿಸಿದಳು.

ಊಟ ಮುಗಿಸಿ ಬಂದ ಮ್ಯಾನೇಜರ್‌ಗೆ ಇಲ್ಲಣ್ಣ, ಕಾರು ಬದಲಾಯಿಸಿ ಕೊಡುವ ಹಾಗಿಲ್ಲ ಎಂದ. ಮ್ಯಾನೇಜರ್ ಅವನ ಬೆನ್ನು ತಟ್ಟಿ, “ಅಂತೂ ದಾರಿಗೆ ಬಂದ್ಯಲ್ಲಪ್ಪ!” ಎಂದರು.

ಸಂಜೆ ಇಬ್ಬರೂ ಅದೇ ಕಾರಿನಲ್ಲಿ ಹೊರಟರು. ಮೆಕ್ಯಾನಿಕ್‌ಗಳು ಸೀಟಿ ಹೊಡೆದರು. ಅವನ ಕಿವಿಗೆ ಅದು ಬೀಳಲಿಲ್ಲ. ಅವನು ಹಿಂದಿನಿಂದ ಬರುತ್ತಿದ್ದ ಇನ್ನೊಂದು ಸದ್ದನ್ನು ಆಲಿಸುತ್ತಿದ್ದ. ಮುಂದೆ ರಸ್ತೆ ಉಬ್ಬು ಕಾಣಿಸಿತು.

“ಮೆಲ್ಲಗೆ,” ಎಂದ ಅವನು, ಅವಳ ಕೈಮೇಲೆ ಕೈಯಿಟ್ಟು.

“ಯಾಕೆ?”

“ಮಲಗಿದೆ.”