ವರಾಹದ ಹೊಟ್ಟೆಯ ಮೇಲಿನ ಹೆಬ್ಬೆರಳು

ಬಾಗಲಕೋಟೆ ಜಿಲ್ಲೆಯ ಚರಿತ್ರೆಯಲ್ಲಿ ದಾಖಲಾಗಲೇಬೇಕಿದ್ದ, ಯಾರೂ ದಾಖಲಿಸದೆ ಬಿಟ್ಟ ಗಂಭೀರ ಸಂಗತಿಯೊಂದಿದೆ: ಇಳಕಲ್ಲಿನ ಗಣಿತದ ಮೇಡಂ ಭುವನೇಶ್ವರಿಯ ಬೆಳ್ಳಿ ನಾಣ್ಯದ ಮೇಲೆ ಯಾರದೋ ಹೆಬ್ಬೆರಳಿನ ಗುರುತಿತ್ತು.

ನಾಣ್ಯವೇನೂ ಹಳೆಯದಲ್ಲ. ಬಾದಾಮಿಯ ನಾಣ್ಯಪ್ರಿಯರ ಬಳಗ ಎರಡು ವರ್ಷದ ಹಿಂದೆ ತನ್ನ ಹತ್ತನೆಯ ಹುಟ್ಟುಹಬ್ಬದ ನೆನಪಿಗೆಂದು, ಚಾಲುಕ್ಯರ ವರಾಹದ ಅಚ್ಚನ್ನು ನೋಡಿ ಮಾಡಿಸಿದ ಐವತ್ತರಲ್ಲಿ ಒಂದು. ವರಾಹದ ಕೊಬ್ಬಿದ ಹೊಟ್ಟೆಯ ಮೇಲೆ ಆ ಗುರುತು ಕಂದುಗಟ್ಟಿತ್ತು. ನಡುವೆ ಒಂದು ಓರೆ ಗೀರು. ಬಲ್ಲವರು ನಾಣ್ಯದ ಮುಖ ಮುಟ್ಟುವುದಿಲ್ಲ, ಅಂಚು ಹಿಡಿಯುತ್ತಾರೆ. ತಾಕಿದ ಬೆವರನ್ನು ಬೆಳ್ಳಿ ಮರೆಯುವುದಿಲ್ಲ.

"ಫೋಟೋ ತಗದು ಮುಂದಿನ ಸಭಾಕ್ಕ ತಂದುಕೊಡ್ರಿ," ಎಂದು ಭುವನೇಶ್ವರಿ ಅದನ್ನು ಶಂಕರಲಿಂಗನ ಕೈಗಿತ್ತಳು. ಬಳಗದ ಪುಸ್ತಿಕೆಗೆ ಫೋಟೋ ತೆಗೆಯುವವನು ಅವನು. "ಆ ಗುರುತು ಮಾತ್ರ ಒರಸಬ್ಯಾಡ್ರಿ ಮತ್ತ."

"ಯಾರದದು?"

"ಇದ್ದಾನೊಬ್ಬ." ಕಣ್ಣು ನಾಣ್ಯದ ಮೇಲಿತ್ತು, ನಗು ತುಟಿಯ ಒಂದು ಮೂಲೆಯಲ್ಲಿ. "ಭಾಳ ಒರಟ. ಆದ್ರೂ ಇರಲಿ ಅಂತ ಇಟ್ಕೊಂಡೇನಿ."

ಎರಡು ವರ್ಷದಿಂದ ಪ್ರತಿ ಸಭೆಗೂ ಮದುವೆಯ ಮಾತೆತ್ತಲೆಂದು ಬಂದು, ಬೆಳ್ಳಿಯ ಶುದ್ಧತೆಯ ಬಗ್ಗೆ ಮಾತಾಡಿ ಮರಳುತ್ತಿದ್ದ ಶಂಕರಲಿಂಗನಿಗೆ ಆ 'ಇದ್ದಾನೊಬ್ಬ' ಎದೆಯಲ್ಲಿ ನಾಟಿತು.

ಅವನು ನವನಗರದಲ್ಲಿ ದಸ್ತಾವೇಜು ಬರೆಯುವವನು. ಸಹಿ ಬಾರದವರ ಹೆಬ್ಬೆರಳು ಹಿಡಿದು ಮಸಿಗೆ ಒತ್ತುವುದು ದಿನದ ಉದ್ಯೋಗ. ಆ ತಿಂಗಳು ಸಹಿ ಬರುವವರ ಹೆಬ್ಬೆರಳನ್ನೂ ಬಿಡಲಿಲ್ಲ. ಮುಖ್ಯ ಅನುಮಾನ ಗೆಳೆಯ ರಿಜ್ವಾನನ ಮೇಲೆ: ನಾಣ್ಯದ ಡಬ್ಬಿ ಮಾರುವ, ಚೆಂದಾಗಿ ನಗುವ, ಭುವನೇಶ್ವರಿಯನ್ನು ಕರೆಯುವಾಗ 'ಮೇಡಂ' ಎಂಬುದನ್ನು ಅಗತ್ಯಕ್ಕಿಂತ ಉದ್ದ ಎಳೆಯುವ ರಿಜ್ವಾನ. ಕಮತಗಿಯಲ್ಲಿ ಇಬ್ಬರೂ ಚಹಾ ಕುಡಿಯುವಾಗ ಅವನ ಕೈ ಹಿಡಿದು ತಿರುಗಿಸಿಯೇಬಿಟ್ಟ.

"ಏನ್ಲೇ ಶಂಕ್ರ್ಯಾ, ಭವಿಷ್ಯ ಹೇಳಾಕ ಹತ್ತಿಯೇನು?"

"ಸುಮ್ನ ತೋರ್ಸಲೇ."

ಹೆಬ್ಬೆರಳು ನುಣ್ಣಗಿತ್ತು, ಗೀರಿನ ಸುಳಿವೇ ಇಲ್ಲ. ಶಂಕರಲಿಂಗನ ಸಂಕಟ ಹೆಚ್ಚಿತು. ಗೊತ್ತಿದ್ದ ಒಬ್ಬ ಶತ್ರುವೂ ಕೈತಪ್ಪಿದ.

ಸಭೆಯ ಮುನ್ನಾದಿನ ಅವ್ವ ಪದ್ಮವ್ವ ಕೊರಳಿನ ಲಿಂಗವಿಡುವ ಬೆಳ್ಳಿ ಕರಡಿಗೆಯನ್ನು ವಿಭೂತಿ ಹಚ್ಚಿ ತಿಕ್ಕುತ್ತಿದ್ದಳು. ಕಪ್ಪು ಕಳೆದು ಕರಡಿಗೆ ಫಳಫಳಿಸಿತು. ಅವಳು ಒಳಗೆ ಹೋದದ್ದೇ ತಡ, ಶಂಕರಲಿಂಗ ವರಾಹವನ್ನು ತೆಗೆದ. ನಾಲ್ಕು ಸಲ ತಿಕ್ಕಿದ. 'ಇದ್ದಾನೊಬ್ಬ' ಇಲ್ಲವಾದ.

ಬಾದಾಮಿಯಲ್ಲಿ ಭುವನೇಶ್ವರಿ ನಾಣ್ಯವನ್ನು ಬೆಳಕಿಗೆ ಹಿಡಿದಳು. ಅಂಚಿನಲ್ಲಿ ಉಳಿದಿದ್ದ ಬಿಳಿ ಪುಡಿಯನ್ನು ಉಗುರಿನಿಂದ ಕೆರೆದಳು.

"ವಿಭೂತಿ ಹಚ್ಚಿ ತಿಕ್ಕೀರಿ."

"ಹೂಂ." ಸುಳ್ಳು ಹೇಳುವ ಧೈರ್ಯವೂ ಅವನಲ್ಲಿ ಉಳಿದಿರಲಿಲ್ಲ. "ಅಂವ ಯಾರಂತ ತಿಳೀಲಿಲ್ಲ. ಹೊಟ್ಟಿ ಉರೀತು."

"ಎಡಗೈ ತೋರಸ್ರಿ."

ತೋರಿಸಿದ. ಶಾಲೆಯ ದಿನಗಳಲ್ಲಿ ಕುಡಗೋಲು ತಾಗಿದ ಗಾಯದ ಕಲೆ ಹೆಬ್ಬೆರಳಿನ ಮೇಲೆ ಓರೆಯಾಗಿ ಮಲಗಿತ್ತು. ಊರೆಲ್ಲರ ಹೆಬ್ಬೆರಳು ತಪಾಸಣೆ ಮಾಡಿದವನು ಇದೊಂದನ್ನು ಬಿಟ್ಟಿದ್ದ.

"ನೀವು ಬಂದ ಮೊದಲನೇ ಸಭಾದಾಗ ನನ್ನ ಕೈಯಾಗಿಂದ ಕಸ್ಕೊಂಡು, ಹೊಟ್ಟಿ ಮ್ಯಾಲ ಒತ್ತಿ ಹಿಡದವರು ಯಾರು? ನಾ ಬೈದದ್ದೂ ಮರತೀರಿ?"

ಬೈದದ್ದು ನೆನಪಿತ್ತು, ಯಾಕೆಂಬುದು ಇರಲಿಲ್ಲ. ಬೈಯುವಾಗ ಕೆಂಪಾದ ಅವಳ ಮೂಗಿನ ತುದಿಯನ್ನೇ ಅವನು ಅಂದು ನೋಡುತ್ತ ನಿಂತಿದ್ದ. ಈಗಲೂ ಅದು ಕೆಂಪಾಗಿತ್ತು. ಕಣ್ಣುಗಳೂ ಒದ್ದೆಯಾಗಿದ್ದವು.

"ನಿಮ್ಮ ಬಾಯಿಗಿಂತ ಆ ಗುರುತು ಚೊಲೊ ಮಾತಾಡ್ತಿತ್ರಿ."

"ಹಂಗಾರ ಬಾಯೀಲೇ ಹೇಳ್ತೇನಿ. ನನ್ನ ಲಗ್ನ ಆಗ್ತೀರೇನು?"

ಅವಳು ನಾಣ್ಯವನ್ನು ಮುಂದೆ ಚಾಚಿದಳು. "ಮೊದಲ ಒತ್ರಿ."

"ಮುಖ ಮುಟ್ಟಬಾರದಲ್ರಿ..."

"ಒತ್ರಿ ಅಂದೆ. ಗಟ್ಟಿ! ಗುರುತು ಮೂಡಿದ ಮ್ಯಾಲ ಉತ್ತರ ಹೇಳ್ತೇನಿ."

ಗುರುತು ಮೂಡಲು ಹದಿನಾಲ್ಕು ತಿಂಗಳು ಹಿಡಿಯಿತು. ಮದುವೆ ನಾಲ್ಕನೆಯ ತಿಂಗಳಿಗೇ ಆಗಿತ್ತು.