ರವಿವಾರದ ಟೇಬಲ್

“ವೆಜ್ ಎಷ್ಟು, ನಾನ್‌ವೆಜ್ ಎಷ್ಟು?” ಸ್ವಪ್ನಿಲ್ ಮರಾಠಿಯಲ್ಲಿ ಕೇಳಿದ.

“ಎಲ್ಲಾರೂ ವೆಜ್,” ಎಂದ ಸಂಜು.

ಹರಿಣಾಕ್ಷಿ ಮೆನು ಕಾರ್ಡಿನಿಂದ ತಲೆ ಎತ್ತುವುದರೊಳಗೆ ಉತ್ತರ ಹೋಗಿಬಿಟ್ಟಿತ್ತು. ಅದನ್ನು ಅವನು ಎಷ್ಟು ಸಹಜವಾಗಿ ಹೇಳಿದ್ದನೆಂದರೆ, ಒಂದು ಕ್ಷಣ ಅವಳಿಗೂ ನಿಜವೆನಿಸಿತು. ಅವಳು ಮತ್ತೆ ಕಾರ್ಡಿನೊಳಗೆ ಮುಖ ಇಟ್ಟಳು. ಅಕ್ಷರಗಳು ಕಂಡವು, ಓದಲಾಗಲಿಲ್ಲ.

ಮಧ್ಯಾಹ್ನದ ಗಿರಾಕಿಗಳು ಎದ್ದುಹೋದ ಹೊತ್ತು. ಕೋರೆಗಾಂವ್ ಪಾರ್ಕಿನ ಆ ಗಲ್ಲಿಯ ಆಲದ ನೆರಳು ಕಿಟಕಿಯ ಗಾಜಿನವರೆಗೂ ಬಂದು ನಿಂತಿತ್ತು. ಸ್ವಪ್ನಿಲ್ ಅಮೆರಿಕಾದ ದಕ್ಷಿಣದ ಊರೊಂದರಲ್ಲಿ ವರ್ಷಗಟ್ಟಲೆ ದುಡಿದು, ಅಲ್ಲಿನ ಕೇಜನ್ ಅಡುಗೆ ಕಲಿತು ಬಂದು ಈ ರೆಸ್ಟೋರೆಂಟ್ ತೆರೆದಿದ್ದ. ಇಂಗ್ಲಿಷ್ ಪೇಪರಿನವರು ಹೊಗಳಿ ಬರೆದ ಮೇಲೆ ಶನಿವಾರ, ರವಿವಾರ ಫೋನ್ ಮಾಡದೆ ಬಂದವರಿಗೆ ಇಲ್ಲಿ ಜಾಗವೇ ಸಿಗುತ್ತಿರಲಿಲ್ಲ. ಸಂಜುವಿಗೆ ಸಿಕ್ಕಿದ್ದು ಮೆಣಸಿನಕಾಯಿಯ ದೆಸೆಯಿಂದ. ಸ್ವಪ್ನಿಲ್‌ನ ಅಡುಗೆಮನೆಗೆ ಮಾರ್ಕೆಟ್ ಯಾರ್ಡಿನ ಸಂಜುವಿನ ಅಂಗಡಿಯಿಂದಲೇ ಬ್ಯಾಡಗಿ ಹೋಗುತ್ತಿತ್ತು.

ರವಿವಾರ ಎರಡು ಮನೆಯವರು ಮೊದಲ ಸಲ ಮುಖಾಮುಖಿಯಾಗುವವರಿದ್ದರು. ಅವನ ಕಡೆಯಿಂದ ಅವ್ವ ರುದ್ರವ್ವ ಮತ್ತು ಸೋದರಮಾವ. ಇವಳ ಕಡೆಯಿಂದ ಅಪ್ಪ ಲೋಕನಾಥ ಶೆಟ್ಟರು ಮತ್ತು ಅಮ್ಮ. ಆ ದಿನದ ಊಟ ಗೊತ್ತುಮಾಡಲು ಇವತ್ತು ಇವರಿಬ್ಬರೇ ಬಂದಿದ್ದರು.

ಹುಡುಗನ ಕಡೆಯವರು ಹುಡುಗಿಯ ಮನೆಗೆ ಬರುವುದು ಪದ್ಧತಿ. ಸಂಜುವೇ ಬೇರೆ ಮಾತು ತೆಗೆದಿದ್ದ. “ಹೊರಗ ಭೇಟಿ ಆಗೂಣು. ಇಬ್ಬರಿಗೂ ಗೊತ್ತಿಲ್ಲದ ಊಟ ಇರಬೇಕು ನೋಡು. ನಿಮ್ಮಪ್ಪನೂ ತಪ್ಪ ಹಿಡಿಯೂಹಂಗಿಲ್ಲ, ನಮ್ಮವ್ವನೂ ಹಿಡಿಯೂಹಂಗಿಲ್ಲ.” ಅವಳು ನಕ್ಕು ಒಪ್ಪಿದ್ದಳು. ಅವನು ಹೇಳದೆ ಬಿಟ್ಟ ಕಾರಣವೂ ಅವಳಿಗೆ ಗೊತ್ತಿತ್ತು. ಅವಳ ಅಪ್ಪ ನಡೆಸುವ ಹೋಟೆಲಿನ ಹಿಂದೆಯೇ ಇದ್ದ ಅವಳ ಮನೆಯಲ್ಲಿ ಸೋಮವಾರ ಬಿಟ್ಟು ದಿನಾ ಮೀನುಸಾರು ಕುದಿಯುತ್ತಿತ್ತು. ಆ ವಾಸನೆ ಗೋಡೆಗಳಿಗೆ ಹಿಡಿದಿತ್ತು, ಪರದೆಗಳಿಗೆ ಹಿಡಿದಿತ್ತು. ಸಂಜುವಿನ ಮನೆಯವರು ಮೀನು ಮುಟ್ಟುವವರಲ್ಲ.

ಮುಂದೆ ಹೋಟೆಲು ಮಾತ್ರ ಶುದ್ಧ ಶಾಕಾಹಾರಿ. ಅವನು ಮೊದಲು ಬಂದದ್ದು ಅಲ್ಲಿಗೆ. ಗಲ್ಲಾದಲ್ಲಿ ಕೂತಿದ್ದ ಅವಳ ಮುಂದೆ ದುಡ್ಡು ಇಟ್ಟು, “ಸಾಂಬಾರಿಗೆ ಯಾವ ಮೆಣಸಿನಕಾಯಿ ಹಾಕ್ತೀರಿ?” ಎಂದು ಕೇಳಿದ್ದ.

“ಕೆಂಪು ಮೆಣಸು,” ಎಂದಿದ್ದಳು ಅವಳು.

ಮರುದಿನ ಒಂದು ಪೊಟ್ಟಣ ತಂದ. “ಇದನ್ನ ಹಾಕಿ ನೋಡ್ರಿ. ಖಾರ ಕಡಿಮಿ, ಬಣ್ಣ ಭಾಳ ಛಲೋ.”

“ಬಣ್ಣ ನೋಡಿ ಯಾರು ಊಟ ಮಾಡ್ತಾರೆ ಸಾವ್ಕಾರ್ರೆ?”

“ಬಣ್ಣಾ ನೋಡೇ ಮನುಷ್ಯಾ ಒಳಗ ಬರ್ತಾನ್ರಿ.” ಹಾಗೆಂದವನು ಅವಳ ಮುಖ ನೋಡಿದ. ತಾನು ಹೇಳಿದ್ದು ಎಲ್ಲಿಗೆ ಹೋಗಿ ಮುಟ್ಟಿತೆಂದು ಹೊಳೆದು, ಗಡಬಡಿಸಿ ಸೋಂಪಿನ ಬಟ್ಟಲಿಗೆ ಕೈ ಹಾಕಿದ. ಅವನು ಹೋದ ಮೇಲೆ ಅವಳು ಬಹಳ ಹೊತ್ತು ಆ ಬಟ್ಟಲನ್ನೇ ನೋಡುತ್ತ ಕೂತಿದ್ದಳು.

ಈಗ ಅವನು ಎದುರಿಗೆ ಕೂತು, ಸ್ವಪ್ನಿಲ್ ತಂದಿಟ್ಟ ಬಟ್ಟಲುಗಳನ್ನು ಒಂದೊಂದಾಗಿ ರುಚಿ ನೋಡುತ್ತಿದ್ದ.

“ಇದೇನಿದು, ರಾಜ್ಮಾ ಅನ್ನ ಅಲ್ಲೇನು?”

“ಅಲ್ಲಿ ಇದನ್ನು ಸೋಮವಾರ ಬಟ್ಟೆ ಒಗೆಯುವ ದಿನ ಮಾಡುತ್ತಿದ್ದರಂತೆ,” ಎಂದ ಸ್ವಪ್ನಿಲ್. “ಒಲೆಯ ಮೇಲಿಟ್ಟು ಮರೆತುಬಿಡುವುದು.”

“ನಮ್ಮವ್ವ ಅದನ್ನ ಕೇಳಿದ್ರ ಈ ರೇಟ್ ಕೊಡಂಗಿಲ್ಲ.” ಸಂಜು ಮುಂದಿನ ಬಟ್ಟಲಿಗೆ ಚಮಚ ಇಟ್ಟ. ಬೆಂಡೆಕಾಯಿ ಹಾಕಿದ ದಪ್ಪ ಸಾರು, ಅದರ ಹೆಸರು ಗಂಬೋ. ಚಮಚ ಎತ್ತಿದರೆ ಎಳೆ ಎದ್ದು ಬಂತು. “ಇದು ಬ್ಯಾಡ. ಲೋಳಿ ಕಂಡ್ರ ಅವ್ವ ಎದ್ದು ಹೋಗ್ತಾಳ.”

“ನನ್ನ ಅಪ್ಪ ಏಳುದಿಲ್ಲ,” ಎಂದಳು ಹರಿಣಾಕ್ಷಿ. “ಅವರಿಗೆ ಬೇರೆ ಹೋಟೆಲಲ್ಲಿ ಊಟ ಕಾಣುದೇ ಇಲ್ಲ. ನೀರಿನ ಗ್ಲಾಸಿಗೆ ಯಾರು ಬೆರಳು ಅದ್ದಿದ್ರು, ಅದೇ ಕಾಣುದು.”

ಅವನು ನಕ್ಕ. ನಗುವಾಗ ಅವನ ಎಡಗಣ್ಣು ಸ್ವಲ್ಪ ಮೊದಲು ಮುಚ್ಚುತ್ತಿತ್ತು. ಅದಕ್ಕಾಗಿ ಅವಳು ಎಷ್ಟೋ ಸುಳ್ಳು ಜೋಕುಗಳನ್ನು ಹೇಳಿದ್ದುಂಟು. ಇವತ್ತು ಮಾತ್ರ ಆ ಕಣ್ಣು ನೋಡುತ್ತ ಅವಳಿಗೆ ಹೆದರಿಕೆಯಾಯಿತು. ಇಷ್ಟು ಪ್ರೀತಿಸುವ ಮುಖದ ಎದುರು ಬದುಕಿಡೀ ಒಂದು ವಿಷಯವನ್ನು ಬಚ್ಚಿಟ್ಟುಕೊಂಡು ಕೂರಬೇಕೇ?

“ಶೆಟ್ಟರ ಕಡೆಯವರಿಗೆ ಒಂದು ಸುರಮಾಯಿ ಮೀನು ಮಾಡಲೇ?” ಸ್ವಪ್ನಿಲ್ ಕೇಳಿದ. “ಮಸಾಲೆ ಮೆತ್ತಿ ಕಾದ ಕಬ್ಬಿಣದ ಮೇಲೆ ಕಪ್ಪಾಗುವವರೆಗೆ ಸುಡುವುದು. ಜನ ನನ್ನ ಹತ್ತಿರ ಬರುವುದೇ ಅದಕ್ಕೆ. ಪಾತ್ರೆ ಬೇರೆ, ಒಲೆ ಬೇರೆ. ಚಿಂತೆ ಬೇಡ.”

“ಬ್ಯಾಡ,” ಎಂದ ಸಂಜು.

ಸ್ವಪ್ನಿಲ್ ಇಬ್ಬರನ್ನೂ ನೋಡಿದ. ಖಾಲಿ ಬಟ್ಟಲುಗಳನ್ನು ಎತ್ತಿಕೊಂಡು ಒಳಗೆ ಹೋದ.

ಅವರಿಬ್ಬರ ನಡುವೆ ಮೌನ ಹೊಸದಲ್ಲ. ಸಂಭಾಜಿ ಪಾರ್ಕಿನ ಬೆಂಚಿನ ಮೇಲೆ ಒಂದೂ ಮಾತಾಡದೆ ಸಂಜೆ ಕಳೆದು, ಭಾಳ ಮಾತಾಡಿದೆವೆಂಬ ಹಾಗೆ ಮನೆಗೆ ಹೋದದ್ದುಂಟು. ಆದರೆ ಇದು ಆ ಮೌನವಾಗಿರಲಿಲ್ಲ.

“ನಿಮ್ಮ ಅವ್ವನಿಗೆ ಎಂತ ಹೇಳಿದ್ದೀರಿ?”

“ಯಾವುದರ ಬಗ್ಗೆ?”

“ನಮ್ಮ ಬಗ್ಗೆ.”

ಅವನು ಉಪ್ಪಿನ ಡಬ್ಬಿಯನ್ನು ಆ ಕಡೆಯಿಂದ ಈ ಕಡೆಗೆ ಇಟ್ಟ. “ಏನೂ ಹೇಳಿಲ್ಲ. ನಿಮ್ಮ ಹೋಟೆಲ್ ಬೋರ್ಡ್ ಅವ್ವ ಓದ್ಯಾಳ. ಉಡುಪಿ ಕಡೆಯವರು, ಶುದ್ಧ ಇರ್ತಾರ ಅಂತ ತಾನ ಅಂದಳು. ನಾ ಸುಮ್ನ ಇದ್ದೆ.”

“ಬೋರ್ಡು ಗಿರಾಕಿಗಳಿಗೆ ಮಾರಾಯ್ರೆ. ನಾವು ಮೀನು ತಿನ್ನುವವರು ಅಂತ ನಾನು ಮೊದಲೇ ಹೇಳಿದ್ದೆ ನಿಮಗೆ.”

“ಹೇಳಿದ್ದಿ.” ಸ್ವಲ್ಪ ತಡೆದು ಅಂದ, “ಆದ್ರ ನನ್ನ ಮುಂದ ನೀ ಒಂದ ಸಲನೂ ತಿಂದಿಲ್ಲಲ್ಲ. ಬಿಟ್ಟಿ ಅಂತ ತಿಳಿದಿದ್ದೆ.”

ಹರಿಣಾಕ್ಷಿ ಕಿಟಕಿಯ ಕಡೆ ನೋಡಿದಳು. ತಾನು ಪ್ರೀತಿಯೆಂದು ಮಾಡಿದ್ದು ಅವನಿಗೆ ಒಪ್ಪಿಗೆಯ ಹಾಗೆ ಕಂಡಿತ್ತು. ತಪ್ಪು ಅವನೊಬ್ಬನದೇ ಎಂದು ಅವಳಿಗೆ ಅನ್ನಿಸಲಿಲ್ಲ.

“ನಿಮ್ಮನ್ನು ಕಾಣಲಿಕ್ಕೆ ಬರುವ ದಿನ ನಾನು ಬೆಳಿಗ್ಗೆಯಿಂದ ಮೀನು ಮುಟ್ಟುದಿಲ್ಲ,” ಎಂದಳು. “ಅಮ್ಮ ಬಡಿಸ್ಲಿಕ್ಕೆ ಬಂದ್ರೆ ಹೊಟ್ಟೆ ಸರಿ ಇಲ್ಲ ಅಂತೇನೆ. ನನಗೆ ಜೀರಿಗೆ ಕಷಾಯ ಕುಡಿಸಿ ಕುಡಿಸಿ ಅಮ್ಮನಿಗೆ ಸಾಕಾಗಿದೆ.”

ಅವನಿಗೆ ನಗು ಬಂದಿತ್ತು, ನಗಲಿಲ್ಲ. “ಯಾಕ ಹಂಗ ಮಾಡ್ದಿ?”

“ನೀವು ಎದ್ದು ಹೋದ್ರೆ ಅಂತ.”

ರವಿವಾರ ತಾನು ಸುಮ್ಮನೆ ಕೂತು ಅನ್ನ ತಿಂದರೆ ಎಲ್ಲವೂ ಸುಸೂತ್ರ ಆಗುತ್ತದೆ. ಆಮೇಲೆ ತವರಿಗೆ ಹೋದಾಗ ಕದ್ದು ತಿನ್ನಬೇಕು, ತಿಂದು ಬಂದು ಬಾಯಿ ಮುಚ್ಚಿಕೊಂಡು ಮಾತಾಡಬೇಕು. ಅವನನ್ನು ಕಳೆದುಕೊಳ್ಳುವುದಾದರೆ ಆ ರವಿವಾರಕ್ಕಿಂತ ಮೊದಲೇ, ಇಲ್ಲೇ ಆಗಲಿ.

ಅವಳು ಅಡುಗೆಮನೆಯ ಬಾಗಿಲಿನ ಕಡೆ ತಿರುಗಿದಳು. “ಸ್ವಪ್ನಿಲ್ ದಾದಾ, ಆ ಸುರಮಾಯಿ ಒಂದು ಮಾಡಿ. ಈಗ.”

ಒಳಗೆ ಬಾಣಲೆ ಚುರ್ರೆಂದಿತು. ಘಾಟು ಹೊರಗೆ ಬಂದು ಅವಳಿಗೆ ಕೆಮ್ಮು ಹತ್ತಿತು. ಮೆಣಸಿನಕಾಯಿಯ ಚೀಲಗಳ ನಡುವೆ ಬೆಳೆದ ಅವನು ಕೆಮ್ಮಲಿಲ್ಲ. ನೀರಿನ ಗ್ಲಾಸನ್ನು ಅವಳ ಕಡೆ ದೂಡಿದ. ಮೂಗು ಅರಳಿಸಿ, “ಇದು ನಮ್ಮ ಬ್ಯಾಡಗಿ,” ಎಂದ ತನ್ನಷ್ಟಕ್ಕೆ. “ಇಷ್ಟ ದಿನಾ ಯಾತಕ್ಕ ಹೋಗ್ತಿತ್ತೋ, ನಾ ಕೇಳಿದ್ದೇ ಇಲ್ಲ.”

ತಟ್ಟೆ ಬಂತು. ಮೇಲೆ ಕಪ್ಪು ಪದರ, ಅಂಚಿನಲ್ಲಿ ಬೆಣ್ಣೆ. ಅವಳ ಮನೆಯಲ್ಲಿ ಅದಕ್ಕೆ ಅಂಜಲ್ ಎಂಬ ಹೆಸರು. ಅವಳು ಫೋರ್ಕು ಬದಿಗಿಟ್ಟು ಬೆರಳಿನಿಂದ ಮುರಿದಳು. ಒಳಗೆ ಬೆಳ್ಳಗೆ, ಎಸಳು ಎಸಳಾಗಿ ಬಿಚ್ಚಿತು.

ಮೊದಲ ತುತ್ತು ಅವನ ಮುಖ ನೋಡದೆ ನುಂಗಿದಳು. ಎರಡನೆಯದಕ್ಕೆ ರುಚಿ ಸಿಕ್ಕಿತು. ಆಮೇಲೆ ಒಂದು ಗಳಿಗೆ ಅವಳು ಅವನನ್ನು ಮರೆತೇಬಿಟ್ಟಳು. ನೆನಪಾಗಿ ತಲೆ ಎತ್ತಿದಾಗ ಅವನು ಅಲ್ಲೇ ಇದ್ದ. ಗದ್ದಕ್ಕೆ ಕೈ ಕೊಟ್ಟು ಅವಳನ್ನೇ ನೋಡುತ್ತಿದ್ದ. ಅವನ ಮುಖ ಸ್ವಲ್ಪ ಬಿಳಚಿಕೊಂಡಿತ್ತು. ವಾಸನೆ ಅವನಿಗೆ ಕಷ್ಟವಾಗುತ್ತಿದೆಯೆಂದು ಅವಳಿಗೆ ಗೊತ್ತಾಯಿತು. ಆದರೂ ಅವನು ಕುರ್ಚಿ ಹಿಂದಕ್ಕೆ ಸರಿಸಿರಲಿಲ್ಲ.

“ಹೀಗೆ ನೋಡಬೇಡಿ,” ಎಂದಳು.

“ನೀ ಊಟ ಮಾಡೂದನ್ನ ನಾ ಇವತ್ತ ಮೊದಲ ಸಲ ನೋಡಾಕತ್ತೀನಿ.” ಅವನ ದನಿ ಮೆತ್ತಗಾಗಿತ್ತು. “ನನ್ನ ಜೋಡಿ ಇದ್ದಾಗ ನೀ ಇಡ್ಲಿನ ಸೈತ ಪರೀಕ್ಷಾಕ್ಕ ಕುಂತವ್ರಂಗ ತಿಂತಿದ್ದಿ.”

ಅವನು ಜೇಬಿನಿಂದ ಮೊಬೈಲ್ ತೆಗೆದ. ಅವಳ ಕೈ ಬಾಯಿಯ ಹತ್ತಿರವೇ ನಿಂತಿತು.

“ಅವ್ವಾ, ಒಂದ ಮಾತು. ಹರಿಣಾಕ್ಷಿ ಮನ್ಯಾಗ ಮೀನ ತಿಂತಾರ. ಆಕಿನೂ ತಿಂತಾಳ. ನನಗ ಮೊದಲಿಂದ ಗೊತ್ತದ.”

ರುದ್ರವ್ವನ ಗಟ್ಟಿ ದನಿ ಮೇಜಿನಾಚೆಗೂ ಕೇಳಿಸುತ್ತಿತ್ತು. “ಶುದ್ಧ ಶಾಕಾಹಾರಿ ಅಂತ ಬರದಾರಲ್ಲೋ.”

“ಅದು ಹೋಟೆಲ್ಲಿಗೆ ಅವ್ವಾ. ಮನಿಗಲ್ಲ.”

“ಮತ್ತ ನೀ?”

“ನಾ ತಿನ್ನಂಗಿಲ್ಲ. ಆಕಿಗೆ ಬಿಡು ಅಂತನೂ ಅನ್ನಂಗಿಲ್ಲ.”

ಫೋನಿನ ಆ ಕಡೆ ಕುಕ್ಕರ್ ಕೂಗಿತು. “ಸಂಜಿಕ ಮನಿಗೆ ಬಾ,” ಎಂದಳು ರುದ್ರವ್ವ. ಫೋನ್ ಕಟ್ಟಾಯಿತು.

ಸಂಜು ಮೊಬೈಲನ್ನು ಬೋರಲು ಹಾಕಿಟ್ಟ. ಕರವಸ್ತ್ರ ತೆಗೆದು ಹಣೆ ಒರೆಸಿಕೊಂಡ.

“ಒಪ್ಪದಿದ್ರೆ?” ಎಂದಳು ಹರಿಣಾಕ್ಷಿ.

“ಮತ್ತ ಹೇಳ್ತೀನಿ. ಆಕಿ ಒಪ್ಪೂತನಕಾ ಹೇಳ್ತೀನಿ.” ತಟ್ಟೆಯ ಕಡೆ ಗದ್ದ ತೋರಿಸಿದ. “ಆರ್ತದ. ತಿನ್ನು.”

ಸ್ವಪ್ನಿಲ್ ಬಂದು ರವಿವಾರದ ಟೇಬಲ್ ಇಡಲೋ ಬೇಡವೋ ಎಂದು ಕೇಳಿದ. ಇರಲಿ, ಎಂದ ಸಂಜು. ಆರು ಮಂದಿ ಬರುತ್ತಾರೋ ಇಬ್ಬರೇ ಬರುತ್ತೇವೋ ತಿಳಿಯದು, ಸುರಮಾಯಿ ಮಾತ್ರ ಬೇಕು, ಅದನ್ನು ತನ್ನ ಪಕ್ಕದ ಕುರ್ಚಿಗೆ ಬಡಿಸಬೇಕು ಎಂದ. ಅವಳು ತಲೆ ತಗ್ಗಿಸಿ ಉಳಿದದ್ದನ್ನು ತಿಂದು ಮುಗಿಸಿದಳು. ಕಣ್ಣು ತುಂಬಿದ್ದಕ್ಕೆ ಹೇಳಿಕೊಳ್ಳಲು ಬೇಕಾದಷ್ಟು ಖಾರ ಅದರಲ್ಲಿತ್ತು.

ಹೊರಗೆ ಬಂದಾಗ ಗಲ್ಲಿಯಲ್ಲಿ ಬಿಸಿಲು ಇಳಿದಿತ್ತು. ಅವನು ಸ್ಕೂಟರ್ ಸ್ಟಾರ್ಟ್ ಮಾಡಿದ. ಅವಳು ಹಿಂದೆ ಕೂತು, ಕೈಗಳೆರಡನ್ನೂ ಮಡಿಲಲ್ಲಿ ಇಟ್ಟುಕೊಂಡಳು.

“ಹಿಡ್ಕೋ.”

“ಎಷ್ಟು ತೊಳೆದ್ರೂ ಕೈ ವಾಸನೆ ಉಂಟು. ನಿಮ್ಮ ಅಂಗಿಗೆ ಹಿಡಿಯುತ್ತೆ. ಸಂಜೆ ಅವ್ವನ ಎದುರು ಹೋಗಬೇಕಲ್ವಾ?”

ಅವನು ಹಿಂದಕ್ಕೆ ಕೈ ಚಾಚಿ, ಅವಳ ಬಲಗೈಯನ್ನು ಎಳೆದು ತನ್ನ ಹೊಟ್ಟೆಯ ಮೇಲೆ ಇಟ್ಟುಕೊಂಡ.

“ಅದಕ್ಕ ಹೇಳಾಕತ್ತೀನಿ,” ಎಂದ. “ಹಿಡ್ಕೋ.”